ಬಿಳಿ ರಾಗಿಯ ಲೆಕ್ಕ

ಕೆಲವು ವರ್ಷಗಳ ಹಿಂದೆ, ಒಂದು ಪುಟ್ಟ ಮಗುವಿನ ಪ್ಲಾಸ್ಮಾದಲ್ಲಿದ್ದ (ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ರಕ್ತದ ತಿಳಿಯಲ್ಲಿದ್ದ) ಅಮೈನೋ ಆಮ್ಲಗಳ ವರದಿಗೆ ಸಹಿ ಹಾಕುವ ಮೊದಲು ನಾನು ಅದನ್ನು ಎರಡು ಬಾರಿ ನೋಡಿದೆ. ಅರ್ಜಿನಿನ್ ತೀರ ಕಡಿಮೆಯಿತ್ತು, ಆರ್ನಿಥಿನ್ ಏರಿತ್ತು. ದೇಹದಲ್ಲಿ ಅಮೋನಿಯಾವನ್ನು ಯೂರಿಯಾ ಆಗಿಸುವ ಚಕ್ರದಲ್ಲಿ ಎಲ್ಲೋ ತೊಡಕಿದೆಯೆಂದು ಮಕ್ಕಳ ವೈದ್ಯರು ಶಂಕಿಸಲು ಅಷ್ಟು ಸಾಕು. ಅಣುಗಳ ತೂಕ ನೋಡುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರ ಕೊಟ್ಟ ಶಿಖರಗಳು ಒಪ್ಪವಾಗಿದ್ದವು, ಪ್ರತಿಯೊಂದು ಅಮೈನೋ ಆಮ್ಲಕ್ಕೂ ಅದರದೇ ಐಸೋಟೋಪ್ ಗುರುತಿನ (ತುಸು ಭಾರವಾದ ಪರಮಾಣುಗಳಿಂದ ಕಟ್ಟಿದ ಅದೇ ಅಣುವಿನ) ಇಂಟರ್ನಲ್ ಸ್ಟ್ಯಾಂಡರ್ಡನ್ನು ಅಳೆದು ಬೆರೆಸಿದ್ದೆವು, ಎರಡು ಸಲ ಮಾಡಿದ ಅಳತೆಗಳು ಒಂದಕ್ಕೊಂದು ಹೊಂದುತ್ತಿದ್ದವು. ನಾನು ಸಹಿ ಹಾಕಿದೆ. ಎರಡು ದಿನಗಳ ನಂತರ ಹೊಸದಾಗಿ ತೆಗೆದ ರಕ್ತದಲ್ಲಿ ಅರ್ಜಿನಿನ್ ಮತ್ತು ಆರ್ನಿಥಿನ್ ಎರಡೂ ಸಾಮಾನ್ಯ ಮಟ್ಟದಲ್ಲಿದ್ದವು.

ಫ್ರೀಜರಿನಿಂದ ಮೊದಲ ಕೊಳವೆಯನ್ನು ತೆಗೆದು ಬೆಳಕಿಗೆ ಹಿಡಿದಾಗ ಪ್ಲಾಸ್ಮಾದ ಹಳದಿಯಲ್ಲಿ ಕೆಂಪು ಬೆರೆತಿರುವುದು ಕಾಣಿಸಿತು. ಆ ರಕ್ತ ಬೇರೊಂದು ಊರಿನಿಂದ, ಕಣಗಳನ್ನು ಬೇರ್ಪಡಿಸದೆಯೇ, ಗಂಟೆಗಟ್ಟಲೆ ಪ್ರಯಾಣ ಮಾಡಿ ಬಂದಿತ್ತು. ಕೆಂಪು ರಕ್ತಕಣಗಳು ಒಡೆದಾಗ ಅವುಗಳೊಳಗಿನ ಅರ್ಜಿನೇಸ್ ಎಂಬ ಕಿಣ್ವ ಹೊರಬಂದು ಅರ್ಜಿನಿನ್ನನ್ನು ಆರ್ನಿಥಿನ್ ಮತ್ತು ಯೂರಿಯಾಗಳಾಗಿ ಸೀಳುತ್ತದೆ. ಕೊಳವೆಯಲ್ಲಿ ಆ ಹೊತ್ತಿಗೆ ಏನಿತ್ತೋ ಅದನ್ನು ನಮ್ಮ ಯಂತ್ರ ಸರಿಯಾಗಿಯೇ ಅಳೆದಿತ್ತು. ಮಗುವಿನ ಮೈಯಲ್ಲಿ ಏನಿತ್ತು ಎಂಬುದು ಮಾತ್ರ ದಾರಿಯಲ್ಲೇ ಕಳೆದುಹೋಗಿತ್ತು. ಆ ಮಗುವಿನ ತಾಯಿತಂದೆ ಕಳೆದಿರಬಹುದಾದ ಎರಡು ರಾತ್ರಿಗಳನ್ನು ನೆನೆದರೆ ಈಗಲೂ ನನಗೆ ಕಸಿವಿಸಿಯಾಗುತ್ತದೆ. ಐಸೋಟೋಪ್ ಗುರುತಿನ ಇಂಟರ್ನಲ್ ಸ್ಟ್ಯಾಂಡರ್ಡ್ ಎಂಬ ವಿಧಾನವನ್ನು ನಾನು ಮನಸಾರೆ ನಂಬುತ್ತೇನೆ, ಅದಕ್ಕೇ ಅದು ಯಾವುದಕ್ಕೆ ಹೊಣೆಯಾಗಬಲ್ಲದು, ಯಾವುದಕ್ಕೆ ಆಗಲಾರದು ಎಂಬುದನ್ನು ಬಿಡಿಸಿ ಬರೆಯಬೇಕೆನಿಸಿದೆ.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಇದನ್ನು ರಾಗಿಯ ಚೀಲದಿಂದ ವಿವರಿಸುತ್ತೇನೆ. ಕಣದಿಂದ ಮನೆಗೆ ಒಂದು ಚೀಲ ರಾಗಿ ಬರಬೇಕಾಗಿದೆ. ಅದರಲ್ಲಿ ಎಷ್ಟು ಸೇರು ಇದೆಯೋ ಗೊತ್ತಿಲ್ಲ, ಚೀಲ ತೂತಾಗಿದೆ ಎಂಬುದು ಮಾತ್ರ ಗೊತ್ತು. ಗಾಡಿ ಹೊರಡುವ ಮುನ್ನ ಸರಿಯಾಗಿ ಅಳೆದ ಒಂದು ಸೇರು ಬಿಳಿ ರಾಗಿಯನ್ನು ಅದರೊಳಗೆ ಸುರಿದು, ಕೆಂಪು ರಾಗಿಯ ಜೊತೆ ಚೆನ್ನಾಗಿ ಬೆರೆಸುತ್ತೇವೆ. ದಾರಿಯಲ್ಲಿ ಅರ್ಧ ಚೀಲ ಸೋರಿಹೋದರೂ ಚಿಂತೆಯಿಲ್ಲ, ಏಕೆಂದರೆ ಕೆಂಪು ಕಾಳು ಸೋರಿದ ಪ್ರಮಾಣದಲ್ಲಿಯೇ ಬಿಳಿ ಕಾಳೂ ಸೋರುತ್ತದೆ. ಮನೆಯಲ್ಲಿ ಒಂದು ಹಿಡಿ ತೆಗೆದು ಎಣಿಸಿದಾಗ ಒಂದು ಬಿಳಿ ಕಾಳಿಗೆ ನಲವತ್ತು ಕೆಂಪು ಕಾಳು ಸಿಕ್ಕರೆ, ಬಿಳಿ ರಾಗಿ ಬೆರೆಸಿದ ಹೊತ್ತಿನಲ್ಲಿ ಚೀಲದಲ್ಲಿ ನಲವತ್ತು ಸೇರು ಕೆಂಪು ರಾಗಿ ಇತ್ತೆಂದು ಹೇಳಬಹುದು. ಎಷ್ಟು ಸೋರಿತು ಎಂದು ತಿಳಿಯುವ ಅಗತ್ಯವೇ ಬರುವುದಿಲ್ಲ.

ಕಾಳುಗಳ ಗಾತ್ರ, ತೂಕ, ನುಣುಪು ಒಂದೇ ಆಗಿರುವುದರಿಂದ ಈ ಲೆಕ್ಕ ನಿಲ್ಲುತ್ತದೆ. ಬಿಳಿ ರಾಗಿಯ ಬದಲು ಕಡಲೆಕಾಳು ಹಾಕಿದ್ದರೆ ತೂತಿನಲ್ಲಿ ರಾಗಿ ಸೋರಿ ಕಡಲೆ ಉಳಿದು ಲೆಕ್ಕ ಕೆಡುತ್ತಿತ್ತು. ರಕ್ತದ ವಿಷಯದಲ್ಲಿ ಬಿಳಿ ರಾಗಿಯ ಕೆಲಸವನ್ನು ಭಾರವಾದ ಐಸೋಟೋಪಿನಿಂದ ಕಟ್ಟಿದ ಅದೇ ಅಣು ಮಾಡುತ್ತದೆ. ಫೀನೈಲಲನಿನ್ ಎಂಬ ಅಮೈನೋ ಆಮ್ಲದ ಉಂಗುರದಲ್ಲಿರುವ ಆರು ಸಾಮಾನ್ಯ ಕಾರ್ಬನ್ ಪರಮಾಣುಗಳ ಜಾಗದಲ್ಲಿ ಆರು ಕಾರ್ಬನ್-13 ಪರಮಾಣುಗಳನ್ನು ಕೂರಿಸಿದರೆ, ಅದು ಕರಗುವ, ಪ್ರೋಟೀನಿಗೆ ಅಂಟುವ, ಕೊಳವೆಯ ಗೋಡೆಗೆ ಹತ್ತುವ, ಅಯಾನಾಗುವ ರೀತಿಯೆಲ್ಲ ರಕ್ತದೊಳಗಿನ ಫೀನೈಲಲನಿನ್ನಿನ ಹಾಗೆಯೇ ಇರುತ್ತದೆ, ತೂಕ ಮಾತ್ರ ಆರು ಘಟಕ ಹೆಚ್ಚು. ಯಂತ್ರದಲ್ಲಿ ರಕ್ತದ್ದು 166 ಘಟಕದ ತೂಕದಲ್ಲಿ ಬಂದು ಒಡೆದು 120ರ ತುಣುಕಾಗುತ್ತದೆ, ನಾವು ಬೆರೆಸಿದ್ದು 172ರಲ್ಲಿ ಬಂದು 126ರ ತುಣುಕಾಗುತ್ತದೆ. ರಸಾಯನಶಾಸ್ತ್ರಕ್ಕೆ ಒಂದೇ ಆಗಿ ಕಾಣುವ ಈ ಎರಡನ್ನು ತೂಕ ನೋಡುವ ಯಂತ್ರ ಬೇರೆ ಬೇರೆಯಾಗಿ ಎಣಿಸುತ್ತದೆ.

ಈ ಆಲೋಚನೆ ಯಂತ್ರಕ್ಕಿಂತ ಹಳೆಯದು ಎಂಬುದು ನನಗೆ ಬಹಳ ಇಷ್ಟದ ಸಂಗತಿ. ಹೆರಾಲ್ಡ್ ಯೂರಿ 1931ರಲ್ಲಿ ಡ್ಯುಟೀರಿಯಂ ಎಂಬ ಭಾರವಾದ ಹೈಡ್ರೋಜನ್ ಕಂಡುಹಿಡಿದ ಮೂರೇ ವರ್ಷಗಳಲ್ಲಿ ಜಾರ್ಜ್ ಡಿ ಹೆವೆಸಿ ಮತ್ತು ಹೋಫರ್ ಎಂಬ ವಿಜ್ಞಾನಿಗಳು ತಿಳಿದ ಪ್ರಮಾಣದ ಭಾರಜಲವನ್ನು ಕುಡಿದ ಮನುಷ್ಯನ ಮೂತ್ರದಲ್ಲಿ ಅದು ಎಷ್ಟು ತೆಳುವಾಗಿದೆಯೆಂದು ನೋಡಿ ದೇಹದಲ್ಲಿರುವ ಒಟ್ಟು ನೀರಿನ ಲೆಕ್ಕ ಹಾಕಿದರು. ದೇಹವನ್ನೇ ಚೀಲವಾಗಿಸಿ, ಭಾರಜಲವನ್ನು ಬಿಳಿ ರಾಗಿಯಾಗಿಸಿದ ಪ್ರಯೋಗವದು. 1940ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರಿಟನ್‌ಬರ್ಗ್ ಮತ್ತು ಫಾಸ್ಟರ್ ಇದೇ ತತ್ತ್ವವನ್ನು ಅಮೈನೋ ಆಮ್ಲಗಳನ್ನು ಅಳೆಯಲು ಬಳಸಿದರು. ಅಲ್ಲಿಯವರೆಗೆ ಒಂದು ಅಮೈನೋ ಆಮ್ಲ ಎಷ್ಟಿದೆಯೆಂದು ಹೇಳಲು ಅದನ್ನು ಒಂದು ಚೂರೂ ಬಿಡದೆ ಬೇರ್ಪಡಿಸಬೇಕಾಗಿತ್ತು, ಅದು ಬಹುಮಟ್ಟಿಗೆ ಅಸಾಧ್ಯವಾದ ಕೆಲಸ. ನೈಟ್ರೋಜನ್-15ರ ಗುರುತಿರುವ ಅಮೈನೋ ಆಮ್ಲವನ್ನು ತೂಗಿ ಬೆರೆಸಿದ ಮೇಲೆ, ಸ್ವಲ್ಪವೇ ಸಿಕ್ಕರೂ ಅದು ಶುದ್ಧವಾಗಿದ್ದರೆ ಸಾಕಾಯಿತು. ಪೂರ್ತಿ ಕೈಗೆ ಸಿಗದ ವಸ್ತುವನ್ನು ಪೂರ್ತಿಯಾಗಿ ಅಳೆಯುವ ದಾರಿ ಆಗ ತೆರೆಯಿತು, ನಾವು ಇಂದು ನಡೆಯುತ್ತಿರುವುದೂ ಅದೇ ದಾರಿಯಲ್ಲಿ.

ಇನ್ನು ನಮ್ಮ ಮೇಜಿಗೆ ಬರೋಣ. 50 ಮೈಕ್ರೋಲೀಟರ್ ಪ್ಲಾಸ್ಮಾಕ್ಕೆ, ಲೀಟರಿಗೆ 100 ಮೈಕ್ರೋಮೋಲ್ ಸಾಂದ್ರತೆಯ ಭಾರವಾದ ಫೀನೈಲಲನಿನ್ ದ್ರಾವಣವನ್ನು 50 ಮೈಕ್ರೋಲೀಟರ್ ಬೆರೆಸುತ್ತೇವೆ ಎನ್ನಿ. ಕೊಳವೆಗೆ ಬಿದ್ದ ಗುರುತಿನ ಅಣುವಿನ ಪ್ರಮಾಣ 5 ನ್ಯಾನೋಮೋಲ್. ಸ್ವಲ್ಪ ಹೊತ್ತು ಬಿಟ್ಟು, ಮೆಥನಾಲ್ ಸುರಿದು ಪ್ರೋಟೀನುಗಳನ್ನು ಗರಣೆಗಟ್ಟಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಯಂತ್ರಕ್ಕೆ ಕೊಡುತ್ತೇವೆ. ಹಗುರ ಮತ್ತು ಭಾರದ ಶಿಖರಗಳ ಅನುಪಾತ 0.64 ಬಂದರೆ ರಕ್ತದಿಂದ ಬಂದದ್ದು 3.2 ನ್ಯಾನೋಮೋಲ್, ಎಂದರೆ ಲೀಟರಿಗೆ 64 ಮೈಕ್ರೋಮೋಲ್. ಆರೋಗ್ಯವಂತರ ರಕ್ತದಲ್ಲಿ ಇದು ಸಹಜವಾದ ಮಟ್ಟ. ಫೀನೈಲಲನಿನ್ನನ್ನು ದೇಹ ಒಡೆಯಲಾರದ ಹುಟ್ಟು ಕಾಯಿಲೆಯಲ್ಲಿ, ಎಂದರೆ ಚಿಕಿತ್ಸೆಯಿಲ್ಲದ ತೀವ್ರ ಫೀನೈಲ್‌ಕೀಟೋನೂರಿಯಾದಲ್ಲಿ ಇದೇ ಸಂಖ್ಯೆ 1200ನ್ನು ಮೀರುತ್ತದೆ. ವಾಸ್ತವದಲ್ಲಿ ಯಂತ್ರ ಎರಡು ಅಣುಗಳಿಗೂ ಕರಾರುವಾಕ್ಕಾಗಿ ಒಂದೇ ಪ್ರತಿಕ್ರಿಯೆ ಕೊಡದೇ ಇರಬಹುದಾದ್ದರಿಂದ ತಿಳಿದ ಸಾಂದ್ರತೆಯ ದ್ರಾವಣಗಳಿಂದ ಅಂಶಾಂಕನ ರೇಖೆಯನ್ನೂ ಎಳೆಯುತ್ತೇವೆ, ಆದರೆ ಲೆಕ್ಕದ ಬೆನ್ನೆಲುಬು ಆ ಅನುಪಾತವೇ.

ಈ ಅನುಪಾತದಲ್ಲಿ ಪಿಪೆಟ್ಟಿನ ಪಾತ್ರವನ್ನು ಹಲವರು ಮರೆಯುತ್ತಾರೆ. ಮೆಥನಾಲ್ ಒಂದಿಷ್ಟು ಹೆಚ್ಚುಕಡಿಮೆ ಆದರೆ ತೊಂದರೆಯಿಲ್ಲ, ತಿಳಿಯಲ್ಲಿ ಅರ್ಧ ಚೆಲ್ಲಿದರೂ ತೊಂದರೆಯಿಲ್ಲ. ಪ್ಲಾಸ್ಮಾ ಮತ್ತು ಇಂಟರ್ನಲ್ ಸ್ಟ್ಯಾಂಡರ್ಡ್ ಅಳೆಯುವ ಆ ಎರಡು ಕ್ಷಣಗಳಲ್ಲಿ ಆಗುವ ತಪ್ಪನ್ನು ಮಾತ್ರ ಮುಂದೆ ಯಾವುದೂ ತಿದ್ದುವುದಿಲ್ಲ. ಶೇಕಡ 2ರಷ್ಟು ಹೆಚ್ಚು ಸ್ಟ್ಯಾಂಡರ್ಡ್ ಬಿದ್ದರೆ ಫಲಿತಾಂಶ ಅಷ್ಟೇ ತಗ್ಗುತ್ತದೆ, ಒಂದೇ ಮಾದರಿಗೆ ಸ್ಟ್ಯಾಂಡರ್ಡ್ ಎರಡು ಬಾರಿ ಬಿದ್ದರೆ ಫಲಿತಾಂಶ ಅರ್ಧವಾಗುತ್ತದೆ. ಆದ್ದರಿಂದ ನಾನು ಫಲಿತಾಂಶಗಳನ್ನು ನೋಡುವ ಮೊದಲೇ ಒಟ್ಟಿಗೆ ಓಡಿಸಿದ ಎಲ್ಲ ಮಾದರಿಗಳಲ್ಲಿ ಸ್ಟ್ಯಾಂಡರ್ಡಿನ ಶಿಖರದ ವಿಸ್ತೀರ್ಣವನ್ನು ಸಾಲಾಗಿ ನೋಡುತ್ತೇನೆ. ಒಂದು ಮಾದರಿಯಲ್ಲಿ ಅದು ದಿಢೀರನೆ ಇಮ್ಮಡಿಸಿದ್ದರೆ ಆ ಮಾದರಿಯನ್ನು ಹೊಸದಾಗಿ ಮಾಡುತ್ತೇವೆ, ಅನುಪಾತ ಎಷ್ಟೇ ಚೆಂದವಾಗಿ ಕಂಡರೂ.

ಸ್ಟ್ಯಾಂಡರ್ಡ್ ಇಲ್ಲದೆಯೇ ಅಳೆದರೆ ಏನಾಗುತ್ತದೆ ಎಂಬುದಕ್ಕೆ ಅತಿ ದೊಡ್ಡ ಉತ್ತರ ಅಯಾನು ದಮನ. ಎಲೆಕ್ಟ್ರೋಸ್ಪ್ರೇ ಎಂಬ ವಿಧಾನದಲ್ಲಿ ದ್ರವ ಸಣ್ಣ ಸಣ್ಣ ಹನಿಗಳಾಗಿ ಸಿಡಿದು, ಹನಿಗಳು ಆರುತ್ತಾ, ಅವುಗಳ ಮೇಲ್ಮೈಯಲ್ಲಿರುವ ಅಣುಗಳು ವಿದ್ಯುದಂಶ ಹೊತ್ತು ಯಂತ್ರದೊಳಗೆ ಹಾರುತ್ತವೆ. ಹನಿಯ ಮೇಲ್ಮೈಯಲ್ಲಿ ಜಾಗ ಕಡಿಮೆ, ವಿದ್ಯುದಂಶವೂ ಕಡಿಮೆ. ನಮ್ಮ ಅಮೈನೋ ಆಮ್ಲದ ಜೊತೆ ಅದೇ ಹೊತ್ತಿಗೆ, ಅಣುಗಳನ್ನು ಬೇರೆ ಬೇರೆಯಾಗಿಸುವ ಕಾಲಮ್ ಎಂಬ ನಳಿಕೆಯಿಂದ, ಕೊಬ್ಬಿನ ಜಾತಿಯ ಫಾಸ್ಫೋಲಿಪಿಡ್‌ಗಳು ಇಳಿದು ಬಂದರೆ ಅವು ಆ ಜಾಗವನ್ನು ಆಕ್ರಮಿಸಿ ಅಮೈನೋ ಆಮ್ಲವನ್ನು ಹಿಂದಕ್ಕೆ ತಳ್ಳುತ್ತವೆ. ಒಬ್ಬರ ರಕ್ತದಲ್ಲಿ ಕೊಬ್ಬು ಹೆಚ್ಚು, ಇನ್ನೊಬ್ಬರಲ್ಲಿ ಕಡಿಮೆ, ಊಟ ಮಾಡಿ ಬಂದವರಲ್ಲಿ ಒಂದು ಬಗೆ, ಉಪವಾಸವಿದ್ದವರಲ್ಲಿ ಇನ್ನೊಂದು ಬಗೆ. ಹೀಗಾಗಿ ದಮನದ ಪ್ರಮಾಣ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ಶುದ್ಧ ದ್ರಾವಣದಲ್ಲಿ ಎಳೆದ ಅಂಶಾಂಕನ ರೇಖೆ ಇದನ್ನು ಕಾಣಲಾರದು. ಅದೇ ಕ್ಷಣದಲ್ಲಿ, ಅದೇ ಹನಿಯಲ್ಲಿ ಬರುವ ಭಾರವಾದ ಜೋಡಿ ಮಾತ್ರ ಅಷ್ಟೇ ತುಳಿತವನ್ನು ತಾನೂ ಅನುಭವಿಸಿ ಅನುಪಾತವನ್ನು ಕಾಪಾಡುತ್ತದೆ.

ಅದೇ ಕ್ಷಣದಲ್ಲಿ ಎಂಬುದು ಇಲ್ಲಿ ಮುಖ್ಯವಾದ ಮಾತು. ಡ್ಯುಟೀರಿಯಂ ಗುರುತಿನ ಅಣುಗಳು ಸಾಮಾನ್ಯ ರಿವರ್ಸ್ಡ್ ಫೇಸ್ ಕಾಲಮ್ಮಿನಿಂದ ತಮ್ಮ ಹಗುರ ಜೋಡಿಗಿಂತ ತುಸು ಮೊದಲೇ ಹೊರಬರುತ್ತವೆ, ಡ್ಯುಟೀರಿಯಂ ಹೆಚ್ಚಿದಷ್ಟೂ ಈ ಅಂತರ ಹೆಚ್ಚು. ದಮನ ಕಡಿದಾಗಿ ಏರಿಳಿಯುವ ಜಾಗದಲ್ಲಿ ಕೆಲವೇ ಸೆಕೆಂಡುಗಳ ಅಂತರವೂ ಎರಡು ಜೋಡಿಗಳನ್ನು ಎರಡು ಬೇರೆ ಹವೆಯಲ್ಲಿ ನಿಲ್ಲಿಸಿದಂತಾಗುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕು: ಅಮೈನೋ ಅಥವಾ ಕಾರ್ಬಾಕ್ಸಿಲ್ ಗುಂಪಿನಲ್ಲಿ ಕೂತ ಡ್ಯುಟೀರಿಯಂ ನೀರು ಸೋಕಿದೊಡನೆ ಸಾಮಾನ್ಯ ಹೈಡ್ರೋಜನ್ನಿಗೆ ಜಾಗ ಬಿಟ್ಟುಕೊಡುತ್ತದೆ, ಗುರುತು ಅಳಿಸಿಹೋಗುತ್ತದೆ. ಕಾರ್ಬನ್-13 ಅಥವಾ ನೈಟ್ರೋಜನ್-15ರಲ್ಲಿ ಈ ಎರಡೂ ತೊಂದರೆಗಳಿಲ್ಲ. ಅವುಗಳ ಬೆಲೆ ಸಾಮಾನ್ಯವಾಗಿ ಹೆಚ್ಚು, ಆದರೂ ರೋಗಿಯ ರೋಗನಿರ್ಣಯಕ್ಕೆ ಹೋಗುವ ಅಳತೆಯಲ್ಲಿ ಕೈಗೆಟುಕುವುದಾದರೆ ಕಾರ್ಬನ್-13ನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ನಿಲುವು.

ಗುರುತು ಎಷ್ಟು ಭಾರವಿರಬೇಕು? ಪ್ರಕೃತಿಯ ಕಾರ್ಬನ್ನಿನಲ್ಲಿ ಶೇಕಡ 1.1ರಷ್ಟು ಕಾರ್ಬನ್-13 ಮೊದಲೇ ಇದೆ. ಒಂಬತ್ತು ಕಾರ್ಬನ್‌ಗಳ ಫೀನೈಲಲನಿನ್ನಿನಲ್ಲಿ ಒಂದು ಘಟಕ ಭಾರ ಹೆಚ್ಚಿರುವ ಅಣುಗಳ ಶಿಖರ ಮುಖ್ಯ ಶಿಖರದ ಸುಮಾರು ಹತ್ತನೇ ಒಂದು ಭಾಗದಷ್ಟು ತಾನಾಗಿಯೇ ಇರುತ್ತದೆ. ಎಂದರೆ ಕೆಂಪು ರಾಗಿಯ ಬೆಳೆಯಲ್ಲೇ ಒಂದಿಷ್ಟು ಮಾಸಲು ಕಾಳು ಇದ್ದೇ ಇರುತ್ತದೆ. ಆದ್ದರಿಂದ ಗುರುತಿನ ಅಣು ಕನಿಷ್ಠ ಮೂರು ಘಟಕವಾದರೂ ಭಾರವಿರಲಿ ಎನ್ನುವುದು ರೂಢಿ. ಬಿಳಿ ರಾಗಿಯಲ್ಲಿಯೂ ಕೆಂಪು ಕಾಳು ಸೇರಿರಬಹುದು. ಸ್ಟ್ಯಾಂಡರ್ಡಿನಲ್ಲಿ ಗುರುತಿಲ್ಲದ ಅಣು ತುಸು ಉಳಿದಿದ್ದರೆ, ಫೀನೈಲಲನಿನ್‌ನಂಥ ಧಾರಾಳವಾಗಿರುವ ವಸ್ತುವಿನಲ್ಲಿ ಅದು ಮುಚ್ಚಿಹೋದರೂ, ರಕ್ತದಲ್ಲಿ ಅತ್ಯಲ್ಪವಾಗಿರುವ ವಸ್ತುವಿಗೆ ಇಲ್ಲದ ಮಟ್ಟವನ್ನು ಕಟ್ಟಿಕೊಡುತ್ತದೆ. ಹೊಸ ಬಾಟಲಿ ತೆರೆದಾಗಲೆಲ್ಲ ಸ್ಟ್ಯಾಂಡರ್ಡ್ ಮಾತ್ರ ಇರುವ ಮಾದರಿಯೊಂದನ್ನು ಓಡಿಸಿ ನೋಡುವುದು ಅದಕ್ಕಾಗಿ.

ಒಂದು ತೂಕ, ಹಲವು ಅಣುಗಳು ಎಂಬ ತೊಡಕನ್ನೂ ಸ್ಟ್ಯಾಂಡರ್ಡ್ ಬಿಡಿಸುವುದಿಲ್ಲ. ಲ್ಯೂಸಿನ್, ಐಸೋಲ್ಯೂಸಿನ್, ಅಲೋಐಸೋಲ್ಯೂಸಿನ್ ಮೂರರ ತೂಕವೂ ಒಂದೇ, ಹೈಡ್ರಾಕ್ಸಿಪ್ರೋಲಿನ್ ಕೂಡ ಅದೇ ಪೂರ್ಣಾಂಕದ ತೂಕದಲ್ಲಿ ಬರುತ್ತದೆ. ಮೇಪಲ್ ಸಿರಪ್ ಮೂತ್ರರೋಗವೆಂಬ ಹುಟ್ಟು ಕಾಯಿಲೆಯನ್ನು ಖಚಿತಪಡಿಸುವುದು ಅಲೋಐಸೋಲ್ಯೂಸಿನ್, ಅದನ್ನು ಕಾಲಮ್ಮಿನಲ್ಲಿ ಬೇರ್ಪಡಿಸಿಯೇ ನೋಡಬೇಕು. ಹಾಗೆಯೇ ಐಸೋವೆಲರಿಕ್ ಆಮ್ಲದ ಕಾಯಿಲೆಯನ್ನು ಹುಡುಕುವಾಗ ಕಾಣುವ ಐಸೋವೆಲರಿಲ್ ಕಾರ್ನಿಟಿನ್ ಮತ್ತು ಕೆಲವು ಪ್ರತಿಜೀವಕಗಳಿಂದ ಹುಟ್ಟುವ ಪಿವಲಾಯ್ಲ್ ಕಾರ್ನಿಟಿನ್ ಒಂದೇ ತೂಕದವು. ಔಷಧ ತೆಗೆದುಕೊಂಡ ತಾಯಿಯ ಆರೋಗ್ಯವಂತ ಕೂಸಿನ ಮೇಲೆ ಇದರಿಂದ ಸುಳ್ಳು ಶಂಕೆ ಬಿದ್ದಿರುವುದುಂಟು. ಎಷ್ಟು ಎಂಬ ಪ್ರಶ್ನೆಗೆ ಸ್ಟ್ಯಾಂಡರ್ಡ್ ಉತ್ತರಿಸುತ್ತದೆ, ಯಾವುದು ಎಂಬ ಪ್ರಶ್ನೆಗೆ ಕಾಲಮ್ಮು ಮತ್ತು ನಮ್ಮ ವಿವೇಚನೆ ಉತ್ತರಿಸಬೇಕು.

ನವಜಾತ ಶಿಶುಗಳ ಹಿಮ್ಮಡಿಯಿಂದ ಕಾಗದದ ಮೇಲೆ ತೆಗೆದ ರಕ್ತದ ಚುಕ್ಕೆಗಳಲ್ಲಿ ನನ್ನ ವಾದ ಇನ್ನಷ್ಟು ಸ್ಪಷ್ಟವಾಗುತ್ತದೆ. ಫೀನೈಲ್‌ಕೀಟೋನೂರಿಯಾವನ್ನು ನಾರ್ವೆಯ ಆಸ್‌ಬ್ಯೋರ್ನ್ ಫೋಲಿಂಗ್ 1934ರಲ್ಲಿ ಗುರುತಿಸಿದರು. 1960ರ ದಶಕದ ಆರಂಭದಲ್ಲಿ ರಾಬರ್ಟ್ ಗಥ್ರಿ ಕಾಗದದ ಮೇಲಿನ ಒಣ ರಕ್ತದಿಂದ, ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ನೋಡಿ ಅದನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ರೂಪಿಸಿದರು. 1990ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ ಚುಕ್ಕೆಯನ್ನು ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟು, ಐಸೋಟೋಪ್ ಗುರುತಿನ ಸ್ಟ್ಯಾಂಡರ್ಡುಗಳ ನೆರವಿನಿಂದ ಅಮೈನೋ ಆಮ್ಲಗಳನ್ನೂ ಅಸೈಲ್ ಕಾರ್ನಿಟಿನ್‌ಗಳನ್ನೂ ಅಳೆಯುವ ದಾರಿ ಮಾಡಿದರು. ಆ ಕೆಲಸದಿಂದ ಜಗತ್ತಿನಾದ್ಯಂತ ಉಳಿದ ಮಕ್ಕಳ ಬದುಕನ್ನು ನೆನೆದರೆ ಮನಸ್ಸು ತುಂಬುತ್ತದೆ. ಆದರೆ ಈ ವಿಧಾನದಲ್ಲಿ ಸ್ಟ್ಯಾಂಡರ್ಡ್ ಸೇರುವುದು ರಕ್ತಕ್ಕಲ್ಲ, ಚುಕ್ಕೆಯಿಂದ ಕೊರೆದು ತೆಗೆದ 3.2 ಮಿಲಿಮೀಟರ್ ವ್ಯಾಸದ ಬಿಲ್ಲೆಯ ಮೇಲೆ ಸುರಿಯುವ ದ್ರಾವಣಕ್ಕೆ. ಬಿಲ್ಲೆಯಲ್ಲಿ ಸುಮಾರು 3 ಮೈಕ್ರೋಲೀಟರ್ ರಕ್ತ ಒಣಗಿದೆಯೆಂದು ನಾವು ಭಾವಿಸುತ್ತೇವೆ. ಕಣಗಳ ಸಾಂದ್ರತೆ ಹೆಚ್ಚಿರುವ ಗಟ್ಟಿ ರಕ್ತ ಕಾಗದದಲ್ಲಿ ಕಡಿಮೆ ಹರಡುತ್ತದೆ, ಅದೇ ಅಳತೆಯ ಬಿಲ್ಲೆಯಲ್ಲಿ ಹೆಚ್ಚು ರಕ್ತ ಕೂರುತ್ತದೆ. ಕಾಗದದ ನಾರಿನಲ್ಲೇ ಸಿಕ್ಕಿ ಹೊರಬರದ ಅಮೈನೋ ಆಮ್ಲದ ಸುದ್ದಿ ದ್ರಾವಣದಲ್ಲಿ ಹಾಯಾಗಿ ತೇಲುತ್ತಿರುವ ಸ್ಟ್ಯಾಂಡರ್ಡಿಗೆ ತಿಳಿಯುವುದೇ ಇಲ್ಲ. ಚೀಲದ ಹೊಲಿಗೆಯಲ್ಲಿ ಸಿಕ್ಕಿಕೊಂಡ ಕೆಂಪು ಕಾಳುಗಳನ್ನು, ಹೊರಗೆ ಸುರಿದ ರಾಶಿಗೆ ಬೆರೆಸಿದ ಬಿಳಿ ಕಾಳುಗಳಿಂದ ಎಣಿಸಲಾಗದು. ಆದ್ದರಿಂದಲೇ ಚುಕ್ಕೆಯಲ್ಲಿ ಶಂಕೆ ಬಂದ ಮಗುವಿಗೆ ಪ್ಲಾಸ್ಮಾ ಪರೀಕ್ಷೆಯನ್ನು ಮಾಡಿಸಿಯೇ ನಿರ್ಣಯಕ್ಕೆ ಬರುವುದು.

ಪ್ರಯೋಗಾಲಯಗಳ ಹೊರಗಿನವರಿಗೆ ಈ ವಿಧಾನ ಪರಿಚಯವಾಗುವುದು ಹೆಚ್ಚಾಗಿ, ಮೂತ್ರಪಿಂಡದ ಕೆಲಸವನ್ನು ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ನಿನ ವರದಿಯ ಮೂಲಕ. ವರದಿಯಲ್ಲಿ ಪರೀಕ್ಷಾ ವಿಧಾನದ ಪಕ್ಕ ಐಡಿಎಂಎಸ್ ಎಂಬ ನಾಲ್ಕು ಅಕ್ಷರಗಳಿದ್ದರೆ, ಆ ಅಳತೆಯ ಬೇರು ಐಸೋಟೋಪ್ ದುರ್ಬಲೀಕರಣ ಎಂದು ಕರೆಯುವ, ನಮ್ಮ ಬಿಳಿ ರಾಗಿಯ ಲೆಕ್ಕದ್ದೇ ಆದ ಉಲ್ಲೇಖ ವಿಧಾನಕ್ಕೆ ಕೂಡಿಕೊಂಡಿದೆ ಎಂದರ್ಥ. 1886ರಷ್ಟು ಹಳೆಯದಾದ ಯಾಫೆ ಕ್ರಿಯೆಯಲ್ಲಿ ಪಿಕ್ರೇಟಿನೊಂದಿಗೆ ಬಣ್ಣ ಕೊಡುವುದು ಕ್ರಿಯಾಟಿನಿನ್ ಮಾತ್ರವಲ್ಲ, ಅಸಿಟೋಅಸಿಟೇಟ್, ಪ್ರೋಟೀನುಗಳಂಥವೂ ಒಂದಿಷ್ಟು ಬಣ್ಣ ಕೊಟ್ಟು ಸಂಖ್ಯೆಯನ್ನು ಏರಿಸುತ್ತವೆ. ಅಳತೆಗಳನ್ನು ಐಸೋಟೋಪ್ ವಿಧಾನಕ್ಕೆ ಹೊಂದಿಸಿದಾಗ ಮೂತ್ರಪಿಂಡದ ಸೋಸುವಿಕೆಯನ್ನು ಅಂದಾಜಿಸುವ ಎಂಡಿಆರ್‌ಡಿ ಸಮೀಕರಣದ 186 ಎಂಬ ಗುಣಕವನ್ನೇ 175ಕ್ಕೆ ಬದಲಿಸಬೇಕಾಯಿತು.

ಮತ್ತೆ ಅರ್ಜಿನಿನ್‌ಗೆ ಬರುತ್ತೇನೆ. ಆ ಘಟನೆಯ ನಂತರ ನಾನು ತಡೆದು ಯೋಚಿಸಿದ ಪ್ರಶ್ನೆಯೊಂದಿದೆ: ಕಣಗಳು ಒಡೆದ ಪ್ಲಾಸ್ಮಾಕ್ಕೆ ನೀರಿನಲ್ಲಿ ಕರಗಿಸಿದ ಸ್ಟ್ಯಾಂಡರ್ಡ್ ಬೆರೆಸಿ, ಎರಡೂ ಚೆನ್ನಾಗಿ ಹೊಂದಿಕೊಳ್ಳಲೆಂದು ಅರ್ಧ ಗಂಟೆ ಬಿಟ್ಟರೆ ಏನಾಗುತ್ತದೆ? ಅರ್ಜಿನೇಸ್ ಇನ್ನೂ ಜೀವಂತವಾಗಿದೆ. ಅದು ರಕ್ತದ ಅರ್ಜಿನಿನ್ನನ್ನೂ ಭಾರವಾದ ಅರ್ಜಿನಿನ್ನನ್ನೂ ಭೇದವಿಲ್ಲದೆ ಸೀಳುತ್ತದೆ, ಆದ್ದರಿಂದ ಅರ್ಜಿನಿನ್ನಿನ ಅನುಪಾತ ಕೆಡುವುದಿಲ್ಲ. ಆದರೆ ಆರೂ ಕಾರ್ಬನ್ ಭಾರವಾಗಿರುವ ಅರ್ಜಿನಿನ್ ಒಡೆದಾಗ ಒಂದು ಕಾರ್ಬನ್ ಯೂರಿಯಾಕ್ಕೆ ಹೋಗಿ, ಐದು ಭಾರವಾದ ಕಾರ್ಬನ್ ಇರುವ ಆರ್ನಿಥಿನ್ ಹುಟ್ಟುತ್ತದೆ. ಆರ್ನಿಥಿನ್ನಿಗಾಗಿ ನಾವು ಬೆರೆಸಿದ ಸ್ಟ್ಯಾಂಡರ್ಡ್ ಕೂಡ ಐದು ಕಾರ್ಬನ್-13ರದ್ದೇ ಆಗಿದ್ದರೆ, ನಮ್ಮ ಬಿಳಿ ರಾಗಿ ಕೊಳವೆಯೊಳಗೇ ಹೆಚ್ಚಾಗಿ, ಆರ್ನಿಥಿನ್ ಇರುವುದಕ್ಕಿಂತ ಕಡಿಮೆಯೆಂದು ತೋರುತ್ತದೆ. ಸ್ಟ್ಯಾಂಡರ್ಡುಗಳ ಮಿಶ್ರಣವನ್ನು ಆರಿಸುವಾಗ ಒಂದು ಅಣು ಇನ್ನೊಂದಾಗಿ ಮಾರ್ಪಡುವ ಜೋಡಿಗಳನ್ನು ಒಟ್ಟಿಗಿಟ್ಟು ನೋಡಬೇಕು. ಗ್ಲುಟಮಿನ್ ಮತ್ತು ಗ್ಲುಟಮೇಟ್ ಅಂಥದೇ ಇನ್ನೊಂದು ಜೋಡಿ. ಸ್ಟ್ಯಾಂಡರ್ಡನ್ನು ತಣ್ಣಗಿನ ಮೆಥನಾಲಿನಲ್ಲಿಯೇ ಕೊಟ್ಟರೆ ಕಿಣ್ವ ತಕ್ಷಣ ಸಾಯುತ್ತದೆ, ಆದರೆ ಪ್ರೋಟೀನಿಗೆ ಬಿಗಿಯಾಗಿ ಅಂಟಿರುವ ವಸ್ತುಗಳೊಂದಿಗೆ ಸ್ಟ್ಯಾಂಡರ್ಡ್ ಹೊಂದಿಕೊಳ್ಳಲು ಸಮಯ ಸಿಗುವುದಿಲ್ಲ. ಅಮೈನೋ ಆಮ್ಲಗಳು ಬಹುಪಾಲು ಸ್ವತಂತ್ರವಾಗಿಯೇ ಇರುವುದರಿಂದ ನಾವು ಮೆಥನಾಲಿನ ದಾರಿಯನ್ನು ಆರಿಸಿಕೊಂಡೆವು.

ಇದೆಲ್ಲವೂ ಬಿಳಿ ರಾಗಿ ಚೀಲಕ್ಕೆ ಬಿದ್ದ ಮೇಲಿನ ಮಾತು. ಅದಕ್ಕೂ ಮುಂಚೆ ಸೋರಿದ ಕಾಳಿಗೆ ಬಿಳಿ ರಾಗಿ ಸಾಕ್ಷಿಯಾಗಲಾರದು. ರಕ್ತ ಕೊಳವೆಗೆ ಬಂದ ಮೇಲೂ ಅದರ ಕಣಗಳು ಉಸಿರಾಡುತ್ತಲೇ ಇರುತ್ತವೆ. ಬೇರ್ಪಡಿಸದ ರಕ್ತದಲ್ಲಿ ಗ್ಲೂಕೋಸ್ ಗಂಟೆಗೆ ಶೇಕಡ 5ರಿಂದ 7ರಷ್ಟು ಇಳಿಯುತ್ತದೆ, ಲ್ಯಾಕ್ಟೇಟ್ ಏರುತ್ತದೆ, ಗ್ಲುಟಮಿನ್ ಕುಗ್ಗಿ ಗ್ಲುಟಮೇಟ್ ಹಿಗ್ಗುತ್ತದೆ. ಜಿಲ್ಲೆಯ ಊರೊಂದರಲ್ಲಿ ಬೇಸಿಗೆಯ ಮಧ್ಯಾಹ್ನ ತೆಗೆದ ರಕ್ತ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬರುವಷ್ಟರಲ್ಲಿ ಇವೆಲ್ಲ ನಡೆದು ಮುಗಿದಿರುತ್ತವೆ. ಬೆಳಗ್ಗೆ ನಾವು ಬೆರೆಸುವ ಸ್ಟ್ಯಾಂಡರ್ಡ್ ಎಷ್ಟೇ ದುಬಾರಿಯಾಗಿದ್ದರೂ ಹಿಂದಿನ ರಾತ್ರಿಯನ್ನು ಅದು ಕಂಡಿಲ್ಲ. ರಕ್ತ ತೆಗೆದ ಊರಿನಲ್ಲಿಯೇ ಒಂದು ಸಣ್ಣ ಸೆಂಟ್ರಿಫ್ಯೂಜ್, ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿ ಕಳಿಸಲು ಒಣ ಮಂಜುಗಡ್ಡೆಯ ಪೆಟ್ಟಿಗೆ, ಅದನ್ನು ಬಳಸಲು ತರಬೇತಿ ಪಡೆದ ಒಬ್ಬ ತಂತ್ರಜ್ಞ, ಇಷ್ಟಕ್ಕೆ ಹಣ ಹಾಕುವುದು ಬೆಂಗಳೂರಿನಲ್ಲಿ ಇನ್ನೊಂದು ಹೊಸ ಯಂತ್ರ ಕೊಳ್ಳುವುದಕ್ಕಿಂತ ಹೆಚ್ಚು ಮಕ್ಕಳಿಗೆ ಸರಿಯಾದ ಉತ್ತರ ಕೊಡುತ್ತದೆಂದು ನಾನು ಸಭೆಗಳಲ್ಲಿ ಹೇಳುತ್ತಾ ಬಂದಿದ್ದೇನೆ.

ನಮ್ಮ ಕೆಲಸದ ಹಾಳೆಯಲ್ಲಿ ಈಗ ಮೂರು ಸಮಯಗಳನ್ನು ಬರೆಯುತ್ತೇವೆ: ರಕ್ತ ತೆಗೆದದ್ದು, ಪ್ಲಾಸ್ಮಾ ಬೇರ್ಪಡಿಸಿದ್ದು, ಸ್ಟ್ಯಾಂಡರ್ಡ್ ಬೆರೆಸಿದ್ದು. ಪಕ್ಕದಲ್ಲಿ ಪ್ಲಾಸ್ಮಾದ ಬಣ್ಣವನ್ನು ಕಣ್ಣಿನಿಂದ ನೋಡಿ ಬರೆಯಲು ಒಂದು ಸಣ್ಣ ಚೌಕವಿದೆ. ಮೊದಲ ಎರಡು ಸಮಯಗಳ ನಡುವಿನ ಅಂತರ ಹೆಚ್ಚಿದ್ದು, ಚೌಕದಲ್ಲಿ ಕೆಂಪು ಎಂದಿದ್ದರೆ, ಅರ್ಜಿನಿನ್ ಮತ್ತು ಆರ್ನಿಥಿನ್ ಸಂಖ್ಯೆಗಳನ್ನು ವರದಿಯಲ್ಲಿ ಬರೆಯದೆ, ಹೊಸ ಮಾದರಿ ಕಳಿಸಿ ಎಂದು ಆ ದಿನವೇ ವೈದ್ಯರಿಗೆ ಫೋನ್ ಮಾಡುತ್ತೇವೆ.